ಸೋಮವಾರ ನಿಲ್ಲುವ ಪಂಪು

ಕಾಣದ ದೇಶಗಳ ಮೇಲೆ ತೀರ್ಪು ಕೊಡುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಧಾರವಾಡ, ಬೆಳಗಾವಿ, ದಾಂಡೇಲಿ, ಇಷ್ಟೇ ನಾನು ಕಂಡ ಜಗತ್ತು. ಆದರೂ ಕಾಗದದ ಕಾರ್ಖಾನೆಯ ಆಫೀಸಿನಲ್ಲಿ ಕೂತು, ಯಂತ್ರ ಮಾಡುವುದರಲ್ಲಿ ಇಂಗ್ಲೆಂಡು ಮುಳುಗಿತು, ಜರ್ಮನಿ ಎದ್ದಿತು ಎಂದು ಸಾರುತ್ತಿದ್ದವನು ನಾನೇ. ತಲೆಯಾಡಿಸುತ್ತಿದ್ದ ಗುಮಾಸ್ತರ ಮೇಲೂ ನನಗೆ ಗೌರವವಿರಲಿಲ್ಲ. ಅವರು ತಲೆಯಾಡಿಸುತ್ತಿದ್ದುದು ನಾನು ತರಿಸುವ ಚಹಾಕ್ಕೆ.

ಕಾಳಿ ನದಿಯ ನೀರೆತ್ತಲು ನಮ್ಮಲ್ಲಿ ಎರಡು ಪಂಪುಗಳಿದ್ದವು, ಒಂದು ಇಂಗ್ಲೆಂಡಿನದು, ಒಂದು ಜರ್ಮನಿಯದು. ಇನ್ನೂ ನಾಲ್ಕು ಬೇಕಾಗಿದ್ದವು. ಯಾವ ದೇಶದವನ್ನು ತರಿಸುವುದು ಲೇಸು ಎಂದು ವರದಿ ಬರೆಯಲು ಮ್ಯಾನೇಜರ್ ಸಾಹೇಬರು ನನಗೆ ಹೇಳಿದರು. ಹೆಡ್ ಕ್ಲಾರ್ಕ್ ಕುರ್ಚಿ ಆಗಷ್ಟೇ ಖಾಲಿಯಾಗಿತ್ತು. ವರದಿ ಮೆಚ್ಚಿಗೆಯಾದರೆ ಅದು ನನಗೇ ಎಂಬುದು ನನಗೂ ಗೊತ್ತಿತ್ತು, ನನ್ನ ಹೆಂಡತಿಗಂತೂ ಮೊದಲೇ ಗೊತ್ತಿತ್ತು.

ಪಂಪಿನ ಶೆಡ್ಡಿಗೆ ಹೋಗಿ ಧೋತರಕ್ಕೆ ಎಣ್ಣೆ ಮೆತ್ತಿಸಿಕೊಳ್ಳುವುದೇಕೆ? ಅಲ್ಲಿನ ಆ ವರ್ಷದ ದಾಖಲೆ ಪುಸ್ತಕವನ್ನೇ ತರಿಸಿಕೊಂಡೆ. ಇಂಗ್ಲೆಂಡಿನ ಪಂಪು ಪ್ರತಿ ಸೋಮವಾರ ತಪ್ಪದೆ ನಿಂತಿತ್ತು. ಜರ್ಮನಿಯದು ಒಮ್ಮೆಯೂ ನಿಂತಿರಲಿಲ್ಲ. ಇನ್ನೇನು ಬೇಕು! ಭಾನುವಾರದ ರಜೆಯ ಮಂಪರು ಇಳಿಯದ ಇಂಥ ಆಲಸಿಗಳು ನಮ್ಮನ್ನು ಆಳಿದ್ದೇ ನಾಚಿಕೆಗೇಡು ಎಂದು ಹತ್ತು ಪುಟ ಜರಿದು ಕಳಿಸಿದೆ. ಸಾಹೇಬರು ಬೆನ್ನು ತಟ್ಟಿದರು.

ಅದೇ ಸಂಜೆ ಪುಸ್ತಕ ಒಯ್ಯಲು ಫಿಟರ್ ಬಸಪ್ಪ ಬಂದ. ಪಕ್ಕದ ಸಾಂಬ್ರಾಣಿ ಊರಿನವನು, ಹಣೆ ತುಂಬ ವಿಭೂತಿ. “ಏನಪಾ ಬಸಪ್ಪಾ, ನಿನ್ನ ಇಂಗ್ಲೆಂಡ್ ಪಂಪು ಸೋಮವಾರಕ್ಕೊಮ್ಮೆ ಯಾಕ ಕೆಡತೈತಿ?” ಎಂದು ಕುಹಕದಿಂದ ಕೇಳಿದೆ.

“ಕೆಡೂದಿಲ್ರಿ ರಾಯರ. ನಾನ ನಿಲ್ಲಸ್ತೇನ್ರಿ. ತೊಳದು, ವಿಭೂತಿ ಹಚ್ಚಿ, ಕಾಯಿ ಒಡದು ಮತ್ತ ಚಾಲೂ ಮಾಡ್ತೇನಿ.”

“ಜರ್ಮನಿ ಪಂಪಿಗೆ ಪೂಜಾ ಬ್ಯಾಡೇನು?”

“ಬೇಕ್ರಿ. ಆದ್ರ ಅದು ಒಮ್ಮೆ ನಿಂತ್ರ ಮತ್ತ ಚಾಲೂ ಆಗಾಕ ಎರಡು ದಿನ ಹಿಡೀತೈತ್ರಿ. ಹೋದ ವರ್ಷ ಒಮ್ಮೆ ನಿಲ್ಲಸಿ ನೋಡೇನ್ರಿ. ನಿಲ್ಲಸೂ ಧೈರ್ಯ ಯಾರಿಗೈತಿ? ಅದಕ್ಕ ದೂರಿಂದನ ಕೈ ಮುಗೀತೇನ್ರಿ.”

ನನ್ನ ಹತ್ತು ಪುಟವೂ ತಲೆಕೆಳಗಾಗಿತ್ತು. ಆರ್ಡರು ಹೋಗುವುದು ಮರುದಿನ. ಹತ್ತು ಹೆಜ್ಜೆ ನಡೆದು ಸಾಹೇಬರಿಗೆ ಹೇಳಿದ್ದರೆ ಮುಗಿಯುತ್ತಿತ್ತು. “ಸಾಹೇಬರಿಗೆ ಹೇಳೂಣೇನ್ರಿ?” ಎಂದು ಬಸಪ್ಪನೇ ಕೇಳಿದ. “ದೊಡ್ಡವರ ಕೆಲಸದಾಗ ಬಾಯಿ ಹಾಕಬ್ಯಾಡ” ಎಂದು ಗದರಿದೆ. ಗದರಿದ್ದು ಹೆದರಿಕೆಯಿಂದ.

ಅದೇ ಮಾದರಿಯ ನಾಲ್ಕು ಜರ್ಮನಿ ಪಂಪುಗಳು ಬಂದವು. ಕುರ್ಚಿಯೂ ನನಗೇ ಬಂತು. ಅಂದಿನಿಂದ ಅದರಲ್ಲಿ ಕೂತು ಜರ್ಮನಿಯ ಗುಣಗಾನ ಬಿಡದೆ ನಡೆಸಿದ್ದೇನೆ. ನಡುವೆ ನಿಲ್ಲಿಸಿದರೆ ಮತ್ತೆ ಶುರುಮಾಡುವ ಮುಖ ನನಗಿಲ್ಲ. ಸೋಮವಾರ ಪೂಜೆ ಮುಗಿಸಿ ಬಸಪ್ಪ ಆಫೀಸಿಗೂ ಬರುತ್ತಾನೆ. ಎಲ್ಲರ ಹತ್ತಿರ ಹೋಗಿ ಹಣೆಗೆ ವಿಭೂತಿ ಹಚ್ಚುತ್ತಾನೆ. ನನಗೆ ಮಾತ್ರ ಬಾಗಿಲಲ್ಲೇ ನಿಂತು, ದೂರದಿಂದ ಕೈ ಮುಗಿದು ಹೋಗುತ್ತಾನೆ.