ಎರಡನೆಯ ದೀಪಸ್ತಂಭ

ಕಾನೂನು ಮಾಡುವವರು ವಿಡಿಯೋ ಗೇಮ್ ಆಡುವುದಿಲ್ಲ, ವಿಡಿಯೋ ಗೇಮ್ ಆಡುವವರು ಕಾನೂನು ಓದುವುದಿಲ್ಲ. ಲೋಕದ ಅರ್ಧ ತೊಂದರೆಗೆ ಇದೇ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಥ ಖಚಿತ ಅಭಿಪ್ರಾಯಗಳು ನನ್ನಲ್ಲಿ ಇನ್ನೂ ಬಹಳಷ್ಟಿವೆ. ಕೇಳುವವರು ಮಾತ್ರ ಇಲ್ಲ. ಕಚೇರಿಯಲ್ಲಿ ಬಾಯಿ ತೆರೆದರೆ, "ಸಾರ್, ಮೊದ್ಲು ಪ್ರಿಂಟರ್ ನೋಡಿ" ಎನ್ನುತ್ತಾರೆ. (ನಾನು ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವುದು ನಾನೊಬ್ಬನೇ.) ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ, "ಮೊದ್ಲು ಆ ನಲ್ಲಿ ನೋಡಿ" ಎನ್ನುತ್ತಾಳೆ.

ಹೆಂಡತಿಗೆ ಕನ್ನಡಕದ ಅಂಗಡಿ ಇದೆ. ದಿನವಿಡೀ ಜನರ ಕಣ್ಣು ಪರೀಕ್ಷಿಸಿ ಮನೆಗೆ ಬಂದರೆ, ಸಂಜೆ ಆರರಿಂದ ಎಂಟರವರೆಗೆ ಕಂಪ್ಯೂಟರಿನ ಎದುರು ಕೂತ ಗಂಡ ಕಾಣುತ್ತಾನೆ. ಅದು ಅವಳ ವೃತ್ತಿಗೇ ಮಾಡಿದ ಅವಮಾನವಂತೆ. ಅವಳ ತಾಯಿ, ಅಂದರೆ ನಮ್ಮತ್ತೆ, ನಮ್ಮ ಜೊತೆಗೇ ಇದ್ದಾರೆ. ನ್ಯಾಯಾಲಯದಲ್ಲಿ ಮೂವತ್ತೆಂಟು ವರ್ಷ ತೀರ್ಪುಗಳನ್ನು ಟೈಪು ಮಾಡಿ ನಿವೃತ್ತರಾದವರು. ಅಕ್ಷರ ಇರುವ ಯಾವ ಕಾಗದವನ್ನೂ ಅವರು ಓದದೆ ಬಿಡುವುದಿಲ್ಲ. ಔಷಧಿ ಡಬ್ಬಿಯೊಳಗಿನ ಚೀಟಿ, ಬಸ್ ಟಿಕೆಟಿನ ಹಿಂಭಾಗ, ಇಸ್ತ್ರಿ ಪೆಟ್ಟಿಗೆಯ ಗ್ಯಾರಂಟಿ ಕಾರ್ಡು, ಎಲ್ಲವನ್ನೂ ಸಾಲಿನ ಕೆಳಗೆ ಸ್ಟೀಲ್ ಸ್ಕೇಲು ಇಟ್ಟು ಓದುತ್ತಾರೆ. ಒಂದು ಸಾಲು ಮುಗಿದರೆ ಸ್ಕೇಲು ಟಕ್ಕನೆ ಒಂದು ಸಾಲು ಕೆಳಗಿಳಿಯುತ್ತದೆ.

ನಾನು ಆಡುವುದು ಗುಂಡು ಹಾರಿಸುವ ಆಟವಲ್ಲ, ಬಂದರು ಕಟ್ಟುವ ಆಟ. ಒಂಬತ್ತು ವರ್ಷ ಕೂತು ಖಾಲಿ ಕಡಲ ತೀರದಲ್ಲಿ ಒಂದು ಊರನ್ನೇ ಎಬ್ಬಿಸಿದ್ದೆ. ನಲವತ್ತು ಸಾವಿರ ಜನ, ಹನ್ನೊಂದು ಕ್ರೇನು, ಒಂದು ದೋಣಿ ನಿಲ್ದಾಣ, ಎರಡು ದೀಪಸ್ತಂಭ (ಎರಡನೆಯದು ಕೆಟ್ಟು ವರ್ಷಗಳಾಗಿದ್ದವು). ಮನೆಯಲ್ಲಿ ಫ್ಯಾನಿನ ವೇಗ ಬದಲಿಸಲು ಇಬ್ಬರ ಅನುಮತಿ ಬೇಕಾದ ನಾನು, ಅಲ್ಲಿ ಘನತೆವೆತ್ತ ಮೇಯರ್. ಒಂದೇ ಬೆರಳಿನಲ್ಲಿ ಇಡೀ ಬೀದಿಯನ್ನು ಎತ್ತಿ ಬೇರೆ ಕಡೆ ಇಟ್ಟವನು. (ಸರಕಾರ ಜನರ ತಂಟೆಗೆ ಹೋಗಬಾರದು ಎಂಬುದು ನನ್ನ ಸಿದ್ಧಾಂತ. ನನ್ನ ಬಂದರಿನಲ್ಲಿ ಮಾತ್ರ ವಾಹನ ನಿಲುಗಡೆ, ಮೆರವಣಿಗೆ, ಬೀದಿ ಸಂಗೀತ ಮೂರನ್ನೂ ನಿಷೇಧಿಸಿದ್ದೆ. ಊರು ನಡೆಸುವವರ ಕಷ್ಟ ನಡೆಸುವವರಿಗೇ ಗೊತ್ತು.) ಚೌಕದ ನಡುವೆ ಮೇಯರರ ಪ್ರತಿಮೆಯೂ ಇತ್ತು. ಮೂಗು ಸ್ವಲ್ಪ ತಿದ್ದಿಸಿದ್ದೆ.

ಹೀಗಿರುವಾಗ ಒಂದೇ ವಾರದಲ್ಲಿ ಎರಡು ಸಿಡಿಲು ಎರಗಿದವು. ಯಾವ ವಯಸ್ಸಿನವರೇ ಆಗಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಆನ್‌ಲೈನ್ ಆಟ ಆಡಬಾರದು ಎಂದು ಸರಕಾರ ಕರಡು ನಿಯಮ ಹೊರಡಿಸಿ, ಸಾರ್ವಜನಿಕರ ಅಭಿಪ್ರಾಯ ಕೇಳಿತು. ಅದರ ಬೆನ್ನಿಗೇ ನನ್ನ ಆಟದ ಕಂಪನಿಯಿಂದ ನಾಲ್ಕು ಸಾಲಿನ ಸಂದೇಶ ಬಂತು. ಇನ್ನು ಮೂವತ್ತು ದಿನಕ್ಕೆ ಸರ್ವರ್ ಮುಚ್ಚುತ್ತೇವೆ, ಇಷ್ಟು ದಿನ ಜೊತೆಗಿದ್ದುದಕ್ಕೆ ಧನ್ಯವಾದ. ನಲವತ್ತು ಸಾವಿರ ಜನರ ಊರು ಒಂದು ಧನ್ಯವಾದಕ್ಕೆ ಮುಳುಗಿಹೋಗುತ್ತಿತ್ತು. ಅಂದು ನನಗೆ ಊಟ ಸೇರಲಿಲ್ಲ, ಇದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

"ಹೋದ್ರೆ ಹೋಗ್ಲಿ ಬಿಡ್ರಿ, ಸುಳ್ಳು ಊರು ತಾನೇ?" ಎಂದಳು ಹೆಂಡತಿ.

"ಸುಳ್ಳು ಊರೋ ನಿಜದ ಊರೋ, ನಾನು ಕೊಂಡಿದ್ದು! ನಾಳೆ ನಿನ್ನ ಅಂಗಡಿಯಿಂದ ಗಿರಾಕಿ ಕೊಂಡೊಯ್ದ ಕನ್ನಡಕಾನ ನೀನು ಹೋಗಿ ವಾಪಸ್ ಕಿತ್ಕೊಂಡು ಬರ್ತೀಯಾ?"

"ಒಬ್ಬಿಬ್ಬರ ಹತ್ರ ಕಿತ್ಕೋಬೇಕು ಅನ್ಸತ್ತೆ."

ಇಂಥವರ ಜೊತೆ ವಾದಿಸಿ ಫಲವಿಲ್ಲವೆಂದು ನಾನು ಹದಿನಾಲ್ಕು ಪುಟಗಳ ಆಕ್ಷೇಪಣಾ ಪತ್ರ ಬರೆದೆ. ಅದರಲ್ಲಿ ಎರಡು ಮಹಾಸೂತ್ರಗಳಿದ್ದವು. ಮೊದಲನೆಯದು: 'ವಯಸ್ಕರೊಬ್ಬರು ಎಷ್ಟು ಹೊತ್ತು ಆಡಬೇಕೆಂದು ಹೇಳುವ ಅಧಿಕಾರ ಸರಕಾರಕ್ಕಾಗಲಿ, ಮನೆಯವರಿಗಾಗಲಿ, ಯಾವ ಕಾರಣಕ್ಕೂ ಇಲ್ಲ.' ('ಮನೆಯವರಿಗಾಗಲಿ' ಎಂಬುದಕ್ಕೆ ಎರಡು ಸಲ ಅಡಿಗೆರೆ ಎಳೆದಿದ್ದೆ.) ಎರಡನೆಯದು: ಯಾರೂ ಓದದ ಒಪ್ಪಂದಕ್ಕೆ 'ಒಪ್ಪಿದ್ದೇನೆ' ಒತ್ತಿಸಿಕೊಂಡ ಮಾತ್ರಕ್ಕೆ ಕಂಪನಿಯು ಮಾರಿದ ಆಟವನ್ನು ಕೊಲ್ಲುವಂತಿಲ್ಲ. ಅತ್ತೆ ಅದನ್ನು ಅಚ್ಚುಕಟ್ಟಾಗಿ ಟೈಪು ಮಾಡಿಕೊಟ್ಟರು. ಕೊನೆಗೆ ಕನ್ನಡಕ ಸರಿಸಿ, "ಅಳಿಯಂದ್ರೇ, ಆ ಒಪ್ಪಂದ ಅಂದ್ರಲ್ಲ, ಅದೆಲ್ಲಿದೆ?" ಎಂದು ಕೇಳಿದರು. ಅರವತ್ತೊಂದು ಪುಟ ಮುದ್ರಿಸಿ ಅವರ ಕೈಗೆ ಕೊಟ್ಟೆ. ವಯಸ್ಸಾದವರಿಗೆ ಹೊತ್ತು ಹೋಗಲು ಏನಾದರೂ ಬೇಕಲ್ಲ.

ಎರಡು ವಾರದ ಮೇಲೆ ಸಾರ್ವಜನಿಕ ವಿಚಾರಣೆಗೆ ಕರೆ ಬಂತು. ಕೈತಟ್ಟಲು ನಮ್ಮ ಕಡೆಯವರೂ ಇರಲಿ ಎಂದು ಅತ್ತೆಯನ್ನೂ ಕರೆದುಕೊಂಡು ಹೋದೆ. ಉದ್ದನೆಯ ಸಭಾಂಗಣ, ಅಲುಗಾಡುವ ಮೈಕು, ಮೇಜಿನ ಮೇಲೆ ಗಂಟೆ ಇಟ್ಟುಕೊಂಡ ಅಧ್ಯಕ್ಷೆ. ಒಬ್ಬೊಬ್ಬರಿಗೆ ಮೂರು ನಿಮಿಷ. ನನಗಿಂತ ಮುಂಚೆ ಮಾತಾಡಿದ ಒಬ್ಬ ಮೇಷ್ಟರು, ಆಟಗಳಿಂದ ಬೆನ್ನು ಗೂನಾಗುತ್ತದೆ ಎಂದು ಗೂನು ಬೆನ್ನಿನಲ್ಲೇ ನಿಂತು ಹೇಳಿ ಹೋದರು. ನಾನು ಎದೆಯುಬ್ಬಿಸಿ ಎರಡೂ ಸೂತ್ರ ಮಂಡಿಸಿದೆ. ಸಭೆ ಸ್ತಬ್ಧವಾಯಿತು. (ಆಗಲೇ ಮೈಕು ಕೆಟ್ಟಿತ್ತೆಂದು ಆಮೇಲೆ ತಿಳಿಯಿತು.)

"ಒಪ್ಪಂದ ನೀವು ಓದಿದ್ರಾ?" ಎಂದು ಕೇಳಿದರು ಅಧ್ಯಕ್ಷೆ.

"ಇಲ್ಲ ಮೇಡಂ. ಯಾರೂ ಓದಲ್ಲ, ಅದೇ ನನ್ನ ವಾದ. ಪೂರ್ತಿ ಓದಿರೋ ಒಬ್ಬರನ್ನ, ಒಬ್ಬರೇ ಒಬ್ಬರನ್ನ ತೋರಿಸಿ, ಇಲ್ಲೇ ನನ್ನ ಎರಡನೇ ಆಕ್ಷೇಪಣೆ ವಾಪಸ್ ತಗೋತೀನಿ!"

ಹಿಂದಿನ ಸಾಲಿನಿಂದ ಟಕ್ ಎಂದು ಸದ್ದಾಯಿತು. ಆ ಸದ್ದು ನನಗೆ ಗೊತ್ತು. ಅತ್ತೆ ಎದ್ದು ನಿಂತಿದ್ದರು.

"ನಾನು ಓದಿದ್ದೀನಿ," ಎಂದರು. ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು. "ನಲವತ್ತೊಂದನೇ ಕಲಂ. ಆಟ ಮುಚ್ಚಿದಾಗ ನೋಂದಾಯಿತ ಸದಸ್ಯರು ಸಹಿ ಮಾಡಿದ ಪತ್ರ ಅಂಚೆಯಲ್ಲಿ ಕಳಿಸಿ ಕೇಳಿದ್ರೆ, ಅವರು ಕಟ್ಟಿದ್ದೆಲ್ಲ ಸೇರಿಸಿ, ಇಂಟರ್ನೆಟ್ ಇಲ್ಲದೇನೂ ಮನೇಲಿ ಆಡೋಕೆ ಬರೋ ಒಂದು ಪ್ರತಿ ಕೊಡಲೇಬೇಕು. ನಮ್ಮ ಅಳಿಯಂದಿರು ಸುಮ್ನೆ ಗಾಬರಿಯಾಗಿದ್ದಾರೆ."

ಸಭೆ ಚಪ್ಪಾಳೆ ತಟ್ಟಿತು, ಅವರಿಗೆ. ಅಧ್ಯಕ್ಷೆ ಗಂಟೆ ಹೊಡೆದು ನನ್ನ ಎರಡನೆಯ ಆಕ್ಷೇಪಣೆಯನ್ನು ಅಡ್ಡಗೆರೆ ಎಳೆದು ತೆಗೆದರು. ನನಗೆ ಅದರ ಚಿಂತೆ ಎಲ್ಲಿ? ಊರು ಉಳಿಯಿತಲ್ಲ! ಮೆಟ್ಟಿಲಿಳಿಯುತ್ತಲೇ, "ಅತ್ತೆ, ಇವತ್ತೇ ಪತ್ರ ಬರೀತೀನಿ" ಎಂದೆ.

"ನಾನಾಗಲೇ ಕಳಿಸಿ ಹತ್ತು ದಿನ ಆಯ್ತು. ರಿಜಿಸ್ಟರ್ಡ್ ಪೋಸ್ಟು."

"ನಿಮ್ಮ ಸಹಿ ನಡೆಯಲ್ಲ ಅತ್ತೆ, ಸದಸ್ಯರ ಸಹಿ ಬೇಕು."

"ಸದಸ್ಯೆ ನಾನೇ ಅಲ್ವಾ? ಒಪ್ಪಂದದ ಮೊದಲನೇ ಪುಟದಲ್ಲೇ ನನ್ನ ಹೆಸರಿದೆ."

ಒಂಬತ್ತು ವರ್ಷದ ಹಿಂದಿನ ನನ್ನ ಜಾಣತನ ಆಗ ನೆನಪಾಯಿತು. ಹೊಸ ಸದಸ್ಯರಿಗೆ ಕಂಪನಿ ಒಂದು ದೀಪಸ್ತಂಭವನ್ನು ಉಚಿತವಾಗಿ ಕೊಡುತ್ತಿತ್ತು. ನನ್ನ ಹೆಸರಿನಲ್ಲಿ ಒಂದು ಪಡೆದಿದ್ದೆ. ಎರಡನೆಯದರ ಆಸೆಗೆ ಅತ್ತೆಯ ಹೆಸರು, ಫೋನ್ ನಂಬರು, ಹುಟ್ಟಿದ ದಿನಾಂಕ ಎಲ್ಲ ಕೊಟ್ಟು ಇನ್ನೊಂದು ಖಾತೆ ತೆರೆದು, ಮೊದಲ ದೀಪಸ್ತಂಭವನ್ನೂ ಅದಕ್ಕೇ ವರ್ಗಾಯಿಸಿ, ನನ್ನ ಖಾತೆಯನ್ನು ಮುಚ್ಚಿದ್ದೆ. ಇಡೀ ಊರು ಎದ್ದು ನಿಂತಿದ್ದು ಅತ್ತೆಯ ಹೆಸರಿನಲ್ಲಿ. ನನ್ನ ಮೂಗಿನ ಪ್ರತಿಮೆ ಒಂಬತ್ತು ವರ್ಷ ಪರರ ಜಾಗದಲ್ಲಿ ನಿಂತಿತ್ತು.

ಆದರೇನು, ಪ್ರತಿ ಬರುವುದು ನಮ್ಮ ಮನೆಗೇ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಬಂತು. ಪೊಟ್ಟಣದ ಮೇಲೆ ಅತ್ತೆಯ ಹೆಸರು. ಸಂಜೆ ಆರಕ್ಕೆ ಸರಿಯಾಗಿ ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಸ್ಕೇಲು ನನ್ನ ಕೈಗೂ ಕೀಬೋರ್ಡಿಗೂ ನಡುವೆ ಬಂತು.

"ನಲವತ್ನಾಲ್ಕನೇ ಕಲಂ," ಎಂದರು ಅತ್ತೆ. "ಸದಸ್ಯರ ಹೊರತು ಬೇರೆ ಯಾರೂ ಈ ಪ್ರತಿ ಬಳಸೋ ಹಾಗಿಲ್ಲ."

"ಅತ್ತೆ, ಅದನ್ನ ಯಾರು ನೋಡೋಕೆ ಬರ್ತಾರೆ?"

"ನಾನು ನೋಡ್ತಾ ಇದ್ದೀನಲ್ಲ. ಸಹಿ ಹಾಕಿದ್ದೀನಿ ಅಳಿಯಂದ್ರೇ. ಸ್ವಲ್ಪ ಸರೀರಿ, ಎಲ್ಲ ಸರಿಯಾಗಿ ಬಂದಿದೆಯಾ ಅಂತ ನೋಡಿ ಏಳ್ತೀನಿ."

ಅವರು ಎದ್ದದ್ದು ಎಂಟೂವರೆಗೆ. ಮರುದಿನವೂ ಆರಕ್ಕೆ ಕೂತರು. ಮೂರನೆಯ ದಿನ ವಾಹನ ನಿಲುಗಡೆಯ ನಿಷೇಧ ರದ್ದಾಯಿತು, ನಾಲ್ಕನೆಯ ದಿನ ಬೀದಿ ಸಂಗೀತ ಶುರುವಾಯಿತು. ಐದನೆಯ ದಿನ ಚೌಕದಲ್ಲಿ ನನ್ನ ಪ್ರತಿಮೆ ಇರಲಿಲ್ಲ. ಅಲ್ಲಿ ಚಿಕ್ಕದೊಂದು ಕಟ್ಟಡ ಎದ್ದಿತ್ತು.

"ಏನಿದು?" ಎಂದೆ.

"ಸಾರ್ವಜನಿಕ ಶೌಚಾಲಯ. ನಲವತ್ತು ಸಾವಿರ ಜನ, ಒಂಬತ್ತು ವರ್ಷ, ಒಂದೂ ಕಟ್ಟಿಸಿಲ್ವಲ್ಲ ನೀವು! ಪಾಪ, ಎಲ್ಲಿಗೆ ಹೋಗ್ತಿದ್ರು ಅವ್ರೆಲ್ಲ?"

ಹೆಂಡತಿ ಆ ದಿನ ನಕ್ಕಷ್ಟು ನಮ್ಮ ಮದುವೆಯಾದ ಮೇಲೆ ನಕ್ಕಿರಲಿಲ್ಲ. ನನಗೆ ಮಾತ್ರ ನಿಜಕ್ಕೂ ಸಂಕಟವಾಯಿತು. ಆದರೆ ಊರಿನಲ್ಲಿ ಜನ ಹೆಚ್ಚಿದ್ದರು, ಬಂದರಿಗೆ ಬರುವ ಹಡಗುಗಳೂ ಹೆಚ್ಚಿದ್ದವು, ಅದು ಇನ್ನೊಂದು ಸಂಕಟ. ಅಷ್ಟರಲ್ಲಿ ಸರಕಾರ ಅಭಿಪ್ರಾಯ ತಿಳಿಸುವ ಗಡುವನ್ನು ವಿಸ್ತರಿಸಿದ ಸುದ್ದಿ ಬಂತು. ನಾನು ಕೂಡಲೇ ತಿದ್ದುಪಡಿ ಬರೆದೆ: 'ಅರವತ್ತು ದಾಟಿದವರ ಕಣ್ಣು, ಸೊಂಟ ಹಾಗೂ ಕೌಟುಂಬಿಕ ಸಾಮರಸ್ಯದ ದೃಷ್ಟಿಯಿಂದ ದಿನಕ್ಕೆ ಅರ್ಧ ಗಂಟೆಯ ಮಿತಿ ಅತ್ಯಗತ್ಯ. ಆನ್‌ಲೈನ್ ಇರಲಿ, ಇಲ್ಲದಿರಲಿ.' ಹೆಂಡತಿ ಅದನ್ನು ಓದಿ, ಕೋಣೆಯ ಬಾಗಿಲ ಕಡೆ ಕೈ ತೋರಿಸಿದಳು. ಅಲ್ಲಿ ಅತ್ತೆ ನನ್ನ ಮೊದಲ ಸೂತ್ರವನ್ನು ದಪ್ಪ ಅಕ್ಷರದಲ್ಲಿ ಟೈಪು ಮಾಡಿ, ಪ್ಲಾಸ್ಟಿಕ್ ಹಾಕಿಸಿ ಅಂಟಿಸಿದ್ದರು. ಎರಡು ಅಡಿಗೆರೆಯನ್ನೂ ಬಿಟ್ಟಿರಲಿಲ್ಲ.

ತಿದ್ದುಪಡಿಯನ್ನು ಹರಿದು ಹಾಕಿ ಅತ್ತೆಯ ಕುರ್ಚಿಯ ಪಕ್ಕ ಹೋಗಿ ನಿಂತೆ. ಮೇಯರ್‌ಗಿರಿ ಬೇಡ, ಏನಾದರೂ ಒಂದು ಕೆಲಸ ಕೊಡಿ ಎಂದು ಕೇಳಿಕೊಂಡೆ. ಅವರ ಮುಖ ಮೆತ್ತಗಾಯಿತು.

"ಅಷ್ಟು ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ಉಪಮೇಯರ್ ಮಾಡ್ತೀನಿ," ಎಂದು ಮರುದಿನವೇ ಒಂದು ಪುಟದ ನೇಮಕಾತಿ ಒಪ್ಪಂದ ಟೈಪು ಮಾಡಿ ತಂದರು. ಉಪಮೇಯರ್! ಪೆನ್ನು ಕಸಿದುಕೊಂಡು ಸಹಿ ಹಾಕಿದೆ.

"ಓದಿದ್ರಾ?" ಎಂದಳು ಹೆಂಡತಿ.

"ಒಂದೇ ಪುಟ, ಅದರಲ್ಲಿ ಓದೋದೇನಿದೆ?"

ಅವಳು ಗಟ್ಟಿಯಾಗಿ ಓದಿದಳು. ಮೂರನೆಯ ಕಲಂ ಪ್ರಕಾರ ಉಪಮೇಯರರ ಕಾರ್ಯವ್ಯಾಪ್ತಿ ಅಡುಗೆಮನೆ. ಸಂಜೆ ಆರರಿಂದ ಎಂಟರವರೆಗೆ ಪಾತ್ರೆ, ನಲ್ಲಿ ಮತ್ತು ತತ್ಸಂಬಂಧಿ ಕರ್ತವ್ಯಗಳು.

ಈಗ ಅದೇ ನಡೆಯುತ್ತಿದೆ. ಒಳಗಿನಿಂದ ಹಡಗಿನ ಸೈರನ್ನು ಕೇಳಿಸುತ್ತದೆ, ನಾನು ತಟ್ಟೆ ತಿಕ್ಕುತ್ತಿರುತ್ತೇನೆ. ನಲ್ಲಿಯನ್ನೂ ರಿಪೇರಿ ಮಾಡಿದ್ದಾಯಿತು. ನಿನ್ನೆ ಸಂಜೆ ಅತ್ತೆ, "ಅಳಿಯಂದ್ರೇ, ಕೆಟ್ಟಿದ್ದ ಎರಡನೇ ದೀಪಸ್ತಂಭ ಹೊತ್ತಿಸ್ತಾ ಇದ್ದೀನಿ, ಬೇಗ ಬನ್ನಿ, ನೋಡಿ!" ಎಂದು ಕೂಗಿದರು. ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಿದೆ. ಹೊಸ್ತಿಲ ಹತ್ತಿರ ಹೋಗುವಷ್ಟರಲ್ಲಿ ಅವರು ತಿರುಗಿಯೂ ನೋಡದೆ ಸ್ಕೇಲು ಎತ್ತಿದರು.

"ಐದನೇ ಕಲಂ," ಎಂದರು. "ಒದ್ದೆ ಕೈಯಲ್ಲಿ ಒಳಗೆ ಬರೋ ಹಾಗಿಲ್ಲ."

ಹೊಸ್ತಿಲಲ್ಲೇ ನಿಂತು ನೋಡಿದೆ. ಚೆನ್ನಾಗಿಯೇ ಉರಿಯುತ್ತಿತ್ತು.