ಅಡ್ಯಾರಿನ ತಾರಸಿಯ ಮೇಲೆ ಅರಮನೆ ತೋಟ

ಮೈಸೂರು ಬಿಟ್ಟು ಬಂದವರಿಗೆ ಒಂದು ಕೆಟ್ಟ ಚಾಳಿಯಿದೆ. ನನಗಂತೂ ಅದು ವಿಪರೀತ. ಎಲ್ಲಿ ಒಂದು ಮರ ಕಂಡರೂ "ನಮ್ಮೂರಲ್ಲಿ ಇದಕ್ಕಿಂತ..." ಎಂದು ಶುರು ಮಾಡಿಬಿಡುತ್ತೇನೆ. ಕೆರೆಯ ದಂಡೆಯಲ್ಲಿ ಮಹಾರಾಜರು ಮಾಡಿಸಿದ ತೋಟ, ಅಲ್ಲಿಯ ಕಲ್ಲುಬೆಂಚು, ಸಂಜೆ ಇಳಿಯುವ ಕೊಕ್ಕರೆಗಳು, ಇವನ್ನೆಲ್ಲ ಮದರಾಸಿನ ಅಡ್ಯಾರಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೇಳದವರಿಲ್ಲ. ಎರಡನೇ ಸಲ ನಿಂತು ಕೇಳಿದವರೂ ಇಲ್ಲ. ಆದರೆ ಆ ತೋಟ ಬಿಟ್ಟು ಬಂದ ಸಂಕಟ ಮಾತ್ರ ನಿಜವಾದದ್ದು. ಕೊನೆಗೆ ತೋಟವನ್ನೇ ಇಲ್ಲಿಗೆ ತರೋಣವೆಂದು ತಾರಸಿಯಲ್ಲಿ ಹದಿನೆಂಟು ಕುಂಡ ಜೋಡಿಸಿ, ನಡುವೆ ಅಗಲವಾದ ಸಿಮೆಂಟ್ ತೊಟ್ಟಿಯಿಟ್ಟು ಟ್ಯಾಂಕರ್ ಲಾರಿಯ ನೀರು ತುಂಬಿ, ಅದನ್ನು ಕೆರೆ ಎಂದು ಕರೆದೆ.

ನನ್ನ ಹೆಂಡತಿ ಪದ್ಮಾ ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಮನೆತನದವಳು. ಅವಳ ಕನ್ನಡಕ್ಕೆ ತಮಿಳಿನ ಒಗ್ಗರಣೆ ಬೀಳಲೇಬೇಕು. "ಲಾರಿ ತಣ್ಣೀಲಿ ಕೆರೆ ಕಟ್ಟಿದ ಮೊದಲನೇ ರಾಜಾ ನೀವೇ ರೀ. ಪೋದುಂ, ಸಾಕು, ಕೆಳಗೆ ಬನ್ನಿ" ಎಂದಳು. ಎರಡನೇ ವಾರ ಕೆರೆಯಲ್ಲಿ ಸಣ್ಣ ಮರಿಗಳು ಮಿಸುಕಾಡತೊಡಗಿದವು. ಮೀನು ತಾವಾಗಿಯೇ ಬಂದವೆಂದು ಹಿಗ್ಗಿದೆ. ನಾಲ್ಕು ದಿನ ಅವಕ್ಕೆ ಅವಲಕ್ಕಿ ಪುಡಿಯನ್ನೂ ಹಾಕಿದೆ.

ಐದನೆಯ ದಿನ ಕಾರ್ಪೊರೇಷನ್ನಿನಿಂದ ಸೊಳ್ಳೆ ತಪಾಸಣೆಗೆ ಒಬ್ಬ ಹೆಂಗಸು ಬಂದರು. ಉದ್ದ ಹಿಡಿಯ ಸೌಟು ಅದ್ದಿ ನನ್ನ ಮೂಗಿನ ಕೆಳಗೆ ಹಿಡಿದು, "ಎಲ್ಲಾಂ ಕೊಸು ಸಾರ್" ಎಂದರು. ಅಷ್ಟೂ ಸೊಳ್ಳೆ ಮರಿಗಳು! ತಕ್ಷಣ ನೀರು ಚೆಲ್ಲಬೇಕಂತೆ. ಹೇಗಾದರೂ ಕೆರೆ ಉಳಿಸಿಕೊಳ್ಳಬೇಕೆಂದು, ನನಗೆ ಬರುವಷ್ಟು ತಮಿಳಿನಲ್ಲಿ ಮಹಾರಾಜರು, ಅವರ ತೋಟ, ಅವರ ಕೆರೆ ಎಲ್ಲವನ್ನೂ ವರ್ಣಿಸಿದೆ. ಆಕೆ ಶ್ರದ್ಧೆಯಿಂದ ಕೇಳಿ, ಪುಸ್ತಕ ತೆರೆದು, "ಅಂದ ಮಹಾರಾಜಾ ಎಂದ ಫ್ಲಾಟ್ ಸಾರ್?" ಎಂದರು. ಆ ಮಹಾರಾಜ ಯಾವ ಫ್ಲಾಟಿನವನು ಎಂದು! ಪದ್ಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ನಮ್ಮ ಫ್ಲಾಟಿನ ನಂಬರನ್ನೇ ಬರೆಸಿದೆ.

ನನ್ನ ಮುಖ ನೋಡಿ ಆಕೆಗೆ ಪಾಪ ಅನ್ನಿಸಿರಬೇಕು. "ತೋಟ್ಟಂ ರೊಂಬ ಅಳಗಾ ಇರುಕ್ಕು ಸಾರ್. ಅಪ್ಪಡಿಯೇ ನಿಲ್ಲುಂಗೊ, ಒರು ಫೋಟೋ" ಎಂದರು. ತೋಟ ಚೆನ್ನಾಗಿದೆ ಎಂದ ಮೊದಲ ಮನುಷ್ಯರು! ನಾನು ಕರಗಿಹೋದೆ. ಅಂಗಿ ಸರಿಮಾಡಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ದಡದಲ್ಲಿ ನಗುತ್ತಾ ನಿಂತೆ. ಆಮೇಲೆ ನನ್ನ ಕೈಯಾರೆ ತೊಟ್ಟಿ ಬಗ್ಗಿಸಿದೆ. ಕಣ್ಣು ಸ್ವಲ್ಪ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಸಂಜೆ ಆ ಫೋಟೋ ಕಾರ್ಪೊರೇಷನ್ನಿನ ಎಚ್ಚರಿಕೆಯಾಗಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬಂತು. ಕೆಳಗೆ ತಮಿಳಿನಲ್ಲಿ ಒಂದು ಸಾಲು: "ನೀರನ್ನು ಹೀಗೆ ನಿಲ್ಲಿಸಬೇಡಿ." ಪದ್ಮಾ ನಕ್ಕೂ ನಕ್ಕೂ ಸುಸ್ತಾಗಿ, "ಆದ್ರೂ ನೀವು ಅಳಗಾ ಬಂದಿದೀರ ರೀ" ಎಂದಳು. ಅದನ್ನು ನಂಬಿ ನಾನು ಆ ಸಾಲನ್ನು ಕತ್ತರಿಸಿ, "ನಮ್ಮ ತೋಟ, ನಮ್ಮ ಕೆರೆ" ಎಂದು ಬರೆದು ಮೈಸೂರಿನ ಅಣ್ಣನಿಗೆ ಕಳಿಸಿದೆ. ಬರುವ ತಿಂಗಳು ಅವನು ಅತ್ತಿಗೆ, ಮಕ್ಕಳನ್ನೆಲ್ಲ ಕರೆದುಕೊಂಡು ಕೆರೆ ನೋಡಲು ಬರುತ್ತಿದ್ದಾನೆ.