ರಮ್ ಬಾಟಲಿಯ ಜೇನು

ನನ್ನನ್ನು ಹಿಡಿಯುವ ಚೆಕ್‌ಪೋಸ್ಟು ಈ ಭೂಮಿಯ ಮೇಲೆ ಇನ್ನೂ ಕಟ್ಟಿಲ್ಲ! ಹೀಗೆಂದು ನಾನು ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಘೋಷಿಸಿದ್ದು ನಿಜ. ಘೋಷಿಸುವಾಗ ಮೀಸೆ ತಿರುವಿದ್ದೂ ನಿಜ. ಆಮೇಲೆ ಆದದ್ದನ್ನು ಹೇಳಿಬಿಡುತ್ತೇನೆ, ನೀವು ನಕ್ಕರೆ ನನ್ನ ಅಭ್ಯಂತರವೇನಿಲ್ಲ. ಹಳಿಯಾಳದಲ್ಲಿ ನಗದವರು ಈಗ ಯಾರೂ ಉಳಿದಿಲ್ಲ.

ಗೋವಾ ನಮಗೆ ಹಿತ್ತಲು ಇದ್ದ ಹಾಗೆ. ರಾಮನಗರ ದಾಟಿ ಘಟ್ಟ ಇಳಿದರೆ ಮುಗಿಯಿತು. ಬರುವಾಗ ಮಾತ್ರ, ಅಲ್ಲಿಯ ಅಗ್ಗದ ಮದ್ಯ ತಂದಾರೆಂದು, ಗಡಿಯಲ್ಲಿ ಗಾಡಿ ತಡೆದು ನೋಡುತ್ತಾರೆ. ನಾನು ಹಲಸಿನ ಹಣ್ಣುಗಳ ನಡುವೆ ಬಾಟಲಿ ಮಲಗಿಸಿ ತಂದವನು. ಸ್ಟೆಪ್ನಿ ಟೈರಿನೊಳಗೆ ತಂದವನು. ಒಮ್ಮೆಯಂತೂ ಅತ್ತೆ ಗಿರಿಜಾಬಾಯಿಯವರು ಕೂತ ಸೀಟಿನ ಕೆಳಗೇ ತಂದೆ! ಪಾಪ, ಅವರು ಕಣ್ಣು ಮುಚ್ಚಿ ಭಜನೆ ಹೇಳುತ್ತಿದ್ದರು. ತಪಾಸಣೆಯವರು ಕೈಮುಗಿದು ದಾರಿ ಬಿಟ್ಟರು.

ಇಂಥ ಕಲಾವಿದನ ಮುಂದೆ ಕೂತು ಪುಂಡಲೀಕಣ್ಣ ಚಹಾ ಹೀರುತ್ತಾ ಒಂದು ಮಾತು ಆಡಿದ. ಈತ ನನ್ನ ಷಡ್ಡಕ. ಅಂಬಿಕಾನಗರದ ಕಾಲೊನಿಯಲ್ಲಿ ವಾಸ. ಇವನ ಹೆಂಡತಿ ರೀನಾ ನನ್ನ ಹೆಂಡತಿ ಮೇಘಾಳ ಅಕ್ಕ. ನಾವು ನಾಲ್ವರೂ ಗೋವಾದಿಂದ ಹೊರಡುವ ದೊಡ್ಡ ಹಡಗು ಹತ್ತಿ, ಸಮುದ್ರ ಸುತ್ತಿ ಬರುವುದೆಂದು ಇವನೇ ಟಿಕೆಟ್ ಮಾಡಿಸಿದ್ದ.

"ದಿನೇಶ, ಹಡಗಿನಾಗ ಹೊರಗಿನ ರಮ್ಮು, ವಿಸ್ಕಿ ನಡಿಯೂದಿಲ್ಲಂತ ನೋಡು."

"ಯಾರಿಗೆ ನಡಿಯೂದಿಲ್ಲ?"

"ಎಲ್ಲಾರಿಗೂ."

"ಆ ಎಲ್ಲಾರ್ನಾಗ ನಾ ಬರೂದಿಲ್ಲ ಪುಂಡಲೀಕಣ್ಣ! ಹಡಗಿನ ಮ್ಯಾಲೆ ಕುಂತು ನಿನಗ ನಮ್ಮೂರ ರಮ್ ಕುಡಸ್ತೇನಿ."

"ಸಿಕ್ಕಿ ಬಿದ್ರ?"

"ಮೀಸಿ ಬೋಳಿಸ್ತೇನಿ! ನೀನ ನಿನ್ನ ಕೈಯಾರ ಬೋಳಿಸು!"

ಪುಂಡಲೀಕಣ್ಣ ಲೋಟ ಕೆಳಗಿಟ್ಟು ನನ್ನ ಮೀಸೆಯನ್ನು ಬಹಳ ಆಸಕ್ತಿಯಿಂದ ನೋಡಿದ. ನನ್ನ ಮೀಸೆ ಸಾಮಾನ್ಯದ್ದಲ್ಲ ಮತ್ತೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕ ನೋಡುವವನು ನಾನು. ಗಾಡಿ ಹೊಡೆಯುವವರಿಗೆ ನನ್ನ ಹೆಸರು ಗೊತ್ತಿಲ್ಲ, 'ಮೀಸಿ ಸಾಹೇಬ್ರು' ಎಂದೇ ಕರೆಯುತ್ತಾರೆ. ಮೀಸೆ ಹೋದರೆ ಬರೀ ಸಾಹೇಬ ಉಳಿಯುತ್ತಾನೆ, ಅವನನ್ನು ಯಾರೂ ಕೇಳುವುದಿಲ್ಲ.

ಯೋಜನೆ ಸರಳವಾಗಿತ್ತು. ಹಳಿಯಾಳದ ಅಂಗಡಿಯಲ್ಲೇ ಎರಡು ಬಾಟಲಿ ರಮ್ ತಂದೆ. ಮೇಘಾ ಮಾಡಿಟ್ಟ ಕೋಕಂ ಶರಬತ್ತಿನ ಬಿಳಿ ಕ್ಯಾನು ಅಡುಗೆಮನೆಯಲ್ಲಿತ್ತು. ಶರಬತ್ತನ್ನು ಮೋರಿಗೆ ಸುರಿದು, ರಮ್ಮನ್ನು ಕ್ಯಾನಿಗೆ ತುಂಬಿದೆ. ಬಣ್ಣದಲ್ಲಿ ಹೆಚ್ಚುಕಮ್ಮಿ ಒಂದೇ. ಖಾಲಿ ಬಾಟಲಿಗಳನ್ನು ಗ್ಯಾಸ್ ಸಿಲಿಂಡರಿನ ಹಿಂದೆ ಒತ್ತಿಟ್ಟೆ.

"ನನ್ನ ಹೊಟ್ಟಿಗೆ ಕೋಕಂ ಬೇಕ ಬೇಕು, ಕ್ಯಾನು ತೊಗೊಂಡ ಬರ್ತೇನಿ," ಎಂದೆ.

"ಅಯ್ಯ! ಹೊಟ್ಟಿ ಮ್ಯಾಲೆ ಇಷ್ಟ ಕಾಳಜಿ ಯಾವಾಗಿಂದ್ರಿ?" ಎಂದಳು ಮೇಘಾ. ಆದರೆ ಅವಳ ಮುಖದಲ್ಲಿ ಸಂತೋಷವಿತ್ತು. ಆ ಸಂತೋಷ ಯಾಕೆಂದು ನಾನು ಆಗ ವಿಚಾರಿಸಬೇಕಿತ್ತು.

ಗೋವಾಕ್ಕೆ ಹೋಗುವಾಗ ಗಡಿಯಲ್ಲಿ ನಮ್ಮನ್ನು ಯಾರೂ ತಡೆಯಲಿಲ್ಲ. ಇಷ್ಟು ಒಳ್ಳೆಯ ಕ್ಯಾನು ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂದು ನನಗೇ ಬೇಜಾರಾಯಿತು.

ಬಂದರಿನಲ್ಲಿ ಹಡಗು ನೋಡಿದೆವು. ನಮ್ಮ ಕಾರ್ಖಾನೆಯನ್ನೇ ಯಾರೋ ಎತ್ತಿ ನೀರಿನ ಮೇಲೆ ಇಟ್ಟಂತಿತ್ತು.

"ಇಷ್ಟ ದೊಡ್ಡದು ಮುಳುಗದ ಹೆಂಗ ನಿಲ್ತೈತ್ರಿ?" ಎಂದಳು ಮೇಘಾ.

"ಅದಕ್ಕ ಒಂದು ಲೆಕ್ಕ ಇರ್ತೈತಿ," ಎಂದೆ. ಏನು ಲೆಕ್ಕ ಎಂದು ಅವಳು ಕೇಳುವಷ್ಟರಲ್ಲಿ, ದೇವರ ದಯೆ, ತಪಾಸಣೆಯ ಸಾಲು ಮುಂದೆ ಸರಿಯಿತು.

ಮೊದಲು ಪುಂಡಲೀಕಣ್ಣನ ಸರದಿ. ಅವನು ಚೀಲದಿಂದ ಒಂದು ವೈನ್ ಬಾಟಲಿ ತೆಗೆದು, ರಾಜಾರೋಷವಾಗಿ ಮೇಜಿನ ಮೇಲಿಟ್ಟ! ಅಲ್ಲಿದ್ದವರು ಒಂದು ಚೀಟಿ ಅಂಟಿಸಿ, ನಗುತ್ತಾ ಅವನ ಕೈಗೇ ಕೊಟ್ಟರು. ನನ್ನ ಕಣ್ಣು ಅಗಲವಾಯಿತು.

"ಇದ್ಹೆಂಗ ಬಿಟ್ರು?"

"ಗಂಡ ಹೆಂಡತಿಗೆ ಒಂದು ವೈನ್ ನಡೀತೈತಂತ, ಸೀಲ್ ಇರಬೇಕು, ಮೊದಲ ಹೇಳಬೇಕು. ಫೋನ್ ಮಾಡಿ ಕೇಳಿದೆ."

"ಕೇಳಿದ್ಯಾ?!"

"ಬಾಯಿ ಐತೆಲ್ಲೋ ತಮ್ಮಾ. ಕೇಳಿದೆ."

ಛೇ! ಇದರಲ್ಲಿ ಕಲೆ ಎಲ್ಲಿದೆ? ನಾನು ತಿರಸ್ಕಾರದಿಂದ ಮುಂದೆ ನಡೆದೆ. ನಮ್ಮ ಚೀಲಗಳು ಯಂತ್ರದೊಳಗೆ ಹೋದವು. ಅದರ ಮುಂದೆ ಕೂತ ಹೆಣ್ಣುಮಗಳು ಪರದೆ ನೋಡುತ್ತಿದ್ದಳು. ಆಕೆಗೆ ಒಳಗಿನದು ಹೇಗೆ ಕಾಣುತ್ತದೆ? ಬಟ್ಟೆ ಕಾಣುತ್ತದೆಯೋ, ಬರೀ ಪಾತ್ರೆಯೋ? ನನಗೆ ತಡೆಯಲಾಗಲಿಲ್ಲ, ಕತ್ತು ಉದ್ದ ಮಾಡಿ ಇಣುಕಿದೆ. ಕ್ಯಾನು ಪರದೆಯ ಮೇಲೆ ಸಾಧುವಿನ ಹಾಗೆ ಸಾಗಿಹೋಯಿತು. ಅದರ ಹಿಂದೆ ಮೇಘಾಳ ಚೀಲ ಬಂತು. ಅದರೊಳಗೆ ಎರಡು ರಮ್ ಬಾಟಲಿ!

ಬಾಟಲಿಗಳನ್ನು ನಾನು ಮನೆಯಲ್ಲೇ ಬಿಟ್ಟು ಬಂದಿದ್ದೇನಲ್ಲ! ಅದೂ ಖಾಲಿ! ಇಲ್ಲಿಗೆ ಹೇಗೆ ಬಂದವು? ತುಂಬಿದ್ದು ಯಾರು?

ಆಕೆ ಚೀಲ ತೆಗೆಸಿದಳು. ಅದೇ ಬಾಟಲಿ, ಅದೇ ಲೇಬಲ್.

"ಅದು ಜೇನ ಅದ ಬಾಯಿ," ಎಂದಳು ಮೇಘಾ ನಿರಾಳವಾಗಿ. ಅವಳು ಜೋಯಿಡಾದ ಮಗಳು, ಮನೆಮಾತು ಕೊಂಕಣಿ. ತಪಾಸಣೆಯ ಹೆಣ್ಣುಮಗಳೂ ಕೊಂಕಣಿಯವಳೆಂದು ತಿಳಿದದ್ದೇ ತಡ, ಮಾತು ಕೊಂಕಣಿಗೆ ಹೊರಳಿತು. ಮೇಘಾ ಹೇಳುತ್ತಾ ಹೋದಳು: ನಮ್ಮ ಕಡೆ ಜೇನು ಇಂಥ ಬಾಟಲಿಯಲ್ಲೇ ಸಿಗುವುದು, ಕಾಡಿನಿಂದ ತರುವವರು ಬೇರೆ ಬಾಟಲಿ ಎಲ್ಲಿಂದ ತರಬೇಕು? ಡಬ್ಬಿಯಲ್ಲಿ ತವರಿನ ಜೇನಿತ್ತು, ಸಿಲಿಂಡರಿನ ಹಿಂದೆ ಒಳ್ಳೆ ಬಾಟಲಿ ಸಿಕ್ಕವು, ತುಂಬಿದೆ. ಒಂದು ನಮ್ಮ ಮನೆಯವರ ಕೆಮ್ಮಿಗೆ, ಇನ್ನೊಂದು ಕ್ಯಾಪ್ಟನ್ ಸಾಹೇಬರಿಗೆ.

"ಕ್ಯಾಪ್ಟನ್ನರಿಗೆ?" ಎಂದಳಾಕೆ.

"ಮತ್ತ! ಮೊದಲನೇ ಸಲ ಅವರ ಹಡಗಿಗೆ ಹೋಗ್ತೇವಿ. ಬರಿಗೈಲೆ ಹೋಗೂದ?"

ಆಕೆ ಮುಚ್ಚಳ ತೆಗೆದು ಮೂಸಿದಳು, ಚಮಚೆಯ ತುದಿಯಲ್ಲಿ ನೆಕ್ಕಿದಳು. ಅಪ್ಪಟ ಜೇನು! ಆಕೆಯ ಮುಖ ಅರಳಿತು. ನಾನೂ ಉಸಿರು ಬಿಟ್ಟೆ. ಅಷ್ಟರಲ್ಲಿ ಆಕೆಗೂ ನನ್ನಂತೆಯೇ ಕುತೂಹಲ ಹುಟ್ಟಿಬಿಟ್ಟಿತು. ಮುಂದೆ ಸಾಗಿಹೋಗಿದ್ದ ಬಿಳಿ ಕ್ಯಾನನ್ನು ಬೆರಳಿನಿಂದ ತಟ್ಟಿ ಕೇಳಿದಳು:

"ನಿಮ್ಮ ಕಡೆ ರಮ್ ಬಾಟಲಿಯಲ್ಲಿ ಜೇನಿದ್ದರೆ, ಶರಬತ್ತಿನ ಕ್ಯಾನಿನಲ್ಲಿ ಏನಿರುತ್ತದೆ?"

"ಶರಬತ್ತ! ಉಪ್ಪು, ಜೀರಗಿ ಹಾಕಿ ನಾನ ಮಾಡೇನಿ. ತಡೀ, ಕುಡದು ತೋರಸ್ತೇನಿ!"

"ಮೇಘಾ, ಬ್ಯಾಡ!" ಎಂದೆ. ತಡವಾಗಿತ್ತು. ಅವಳು ಮುಚ್ಚಳದ ತುಂಬ ಬಗ್ಗಿಸಿ ಗಟಕ್ಕೆಂದು ಬಾಯಿಗೆ ಹಾಕಿಕೊಂಡಳು. ಮರುಗಳಿಗೆಯೇ ಕಣ್ಣು ಮೇಲೆ ಹೋದವು, ಕೆಮ್ಮು ಕಿತ್ತುಕೊಂಡು ಬಂತು.

"ಅಯ್ಯಯ್ಯ! ರೀ, ಶರಬತ್ತು ಕೆಟ್ಟೈತಿ!"

ಆಕೆ ಕ್ಯಾನು ಮೂಸಿ ತಲೆಯಾಡಿಸಿದಳು. "ಶರಬತ್ತು ಕೆಟ್ಟಿಲ್ಲ ಅಕ್ಕಾ. ರಮ್ ಒಳ್ಳೆಯದೇ ಇದೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಘಾ ನಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನನ್ನೇ ನೋಡಿದಳು.

"ಸಿಲಿಂಡರಿನ ಹಿಂದ ಖಾಲಿ ಬಾಟ್ಲಿ ನೋಡಿ ನಾ ಏನ ತಿಳಕೊಂಡಿದ್ದೆ ಗೊತ್ತೇನ್ರಿ? ಹಡಗಿನಾಗ ಅಕ್ಕನ ಮುಂದ ಕುಡೀಬಾರದಂತ ಇವ್ರು ಎಲ್ಲಾ ಮನ್ಯಾಗ ಮುಗಿಸ್ಯಾರ, ಶಾಣ್ಯಾ ಆಗ್ಯಾರ ಅಂತ ತಿಳಕೊಂಡಿದ್ದೆ!"

ಇದಕ್ಕೇ ಆ ಸಂತೋಷ! ನನಗೆ ನಿಜವಾಗಿ ನಾಚಿಕೆಯಾಯಿತು. ಸಿಕ್ಕಿಬಿದ್ದದ್ದಕ್ಕಲ್ಲ, ಅವಳು ನನ್ನನ್ನು ಅಷ್ಟು ಒಳ್ಳೆಯವನೆಂದು ನಂಬಿದ್ದಕ್ಕೆ.

ಕ್ಯಾನಿನ ಬಾಯಿಗೆ ಸೀಲು ಬಿತ್ತು. ಮೈತುಂಬ ಕೆಂಪು ಪಟ್ಟಿ ಅಂಟಿಸಿ, ದೊಡ್ಡ ಅಕ್ಷರದಲ್ಲಿ ಮದ್ಯ ಎಂದು ಬರೆದರು. ಇಳಿಯುವಾಗ ವಾಪಸು ಕೊಡುತ್ತಾರಂತೆ. ಜೇನಿನ ಒಂದು ಬಾಟಲಿಯನ್ನು ಆಕೆಯೇ ಕ್ಯಾಪ್ಟನ್ನರಿಗೆ ಮುಟ್ಟಿಸಲು ಒಯ್ದಳು.

ಹಡಗು ಹೊರಟ ಮೇಲೆ ಪುಂಡಲೀಕಣ್ಣ ಬ್ಲೇಡು, ಸೋಪು ಹಿಡಿದು ನಮ್ಮ ಕೋಣೆಗೆ ಬಂದ. ಮುಖದ ಮೇಲೆ ಮದುವೆಮನೆಯ ಕಳೆ!

"ಅಳ್ಳಾಡಬ್ಯಾಡ ದಿನೇಶ. ತೆರಿ ಬಂದ್ರ ಮೂಗೂ ಹೋದೀತು."

ಮೀಸೆ ಹೋಯಿತು. ಕನ್ನಡಿಯಲ್ಲಿ ಯಾವನೋ ಅಪರಿಚಿತ, ಮೇಲ್ದುಟಿ ಬಿಳಿಚಿಕೊಂಡು ನಿಂತಿದ್ದ. ಅದೇ ಹೊತ್ತಿಗೆ ಕ್ಯಾಪ್ಟನ್ನರಿಂದ ಕರೆ: ಜೇನು ಕೊಟ್ಟ ತಾಯಿ ಹಡಗು ನಡೆಸುವ ಕೋಣೆ ನೋಡಲು ಬರಬೇಕು, ಜೊತೆಗೆ ಯಾರನ್ನಾದರೂ ಕರೆತರಬಹುದು. 'ಯಾರನ್ನಾದರೂ' ಆಗಿ ನಾನು ಹೋದೆ. ಕ್ಯಾಪ್ಟನ್ನರದು ಎಂಥ ಮೀಸೆ ಅಂತೀರಿ! ಮೇಘಾ ಅವರನ್ನೇ ಕೇಳಿದಳು, ಇಷ್ಟು ದೊಡ್ಡ ಹಡಗು ಹೇಗೆ ಮುಳುಗುವುದಿಲ್ಲ ಎಂದು. ಅವರು ಅದನ್ನು ಚಂದವಾಗಿ ವಿವರಿಸಿದರು. ನಾನೂ ಕಲಿತೆ. ಪುಂಡಲೀಕಣ್ಣ ಮಾತ್ರ ಡೆಕ್ಕಿನ ಮೇಲೆ ಸಮುದ್ರ ನೋಡುತ್ತಾ ತನ್ನ ವೈನನ್ನು ನಿಧಾನವಾಗಿ ಹೀರುತ್ತಿದ್ದ.

ಇಳಿಯುವಾಗ ಕ್ಯಾನು ವಾಪಸು ಬಂತು. ಷಡ್ಡಕನ ಕುಟುಂಬ ಗೋವಾದಲ್ಲೇ ಉಳಿಯಿತು, ನಾವು ಊರಿನ ದಾರಿ ಹಿಡಿದೆವು. ಘಟ್ಟ ಹತ್ತಿ ಗಡಿಗೆ ಬಂದಾಗ ಅಬಕಾರಿ ಸಾಹೇಬರು ಲೈಸೆನ್ಸ್ ಕೇಳಿದರು. ಫೋಟೊ ನೋಡಿದರು, ನನ್ನ ಮುಖ ನೋಡಿದರು.

"ಇದ್ರಾಗ ಮೀಸಿ ಐತಿ, ಮಾರಿ ಮ್ಯಾಲೆ ಇಲ್ಲ. ಇಳೀರಿ ಕೆಳಗ."

ಹಿಂದಿನ ಬಾಗಿಲು ತೆಗೆದರು. ಕೆಂಪು ಪಟ್ಟಿಯ ಕ್ಯಾನು ಸೀಟಿನ ಮೇಲೆ ಮಹಾರಾಜನ ಹಾಗೆ ಕೂತಿತ್ತು. ಬೇಸರದಲ್ಲಿ ಅದನ್ನು ಮುಚ್ಚಿಡುವುದೇ ನನಗೆ ಹೊಳೆದಿರಲಿಲ್ಲ!

"ಭಾರಿ ಮಂದಿ ನೋಡೇನಿ. ಮದ್ಯ ಅಂತ ಬರದು ಅಂಟಿಸ್ಕೊಂಡು ಬಂದಾವ್ರು ನೀವ ಮೊದಲು!"

"ಸಾಹೇಬ್ರ, ಇದು ಗೋವಾದ್ದಲ್ಲರಿ. ಹಳಿಯಾಳದಾಗ ತೊಗೊಂಡಿದ್ದು!"

"ಹಳಿಯಾಳದ್ದು ಗೋವಾದಿಂದ ಯಾಕ ಬರಾಕತ್ತೈತಿ?"

"ಸಮುದ್ರ ನೋಡಾಕ ಹೋಗಿತ್ರಿ," ಎಂದೆ.

"ಲೇಬಲ್ ತೋರಸ್ರಿ."

ಲೇಬಲ್! ಮೇಘಾ ಅದು ಅಂಟಿದ್ದ ಜೇನಿನ ಬಾಟಲಿ ಎತ್ತಿ ಹಿಡಿದಳು. ಸಾಹೇಬರು ಅದನ್ನು ತಿರುಗಿಸಿ ಓದಿದರು, ತಲೆಯಾಡಿಸಿದರು.

"ಇದು ನಮ್ಮ ರಾಜ್ಯದ್ದ ಐತಿ. ಈ ರಮ್ ತೊಗೊಂಡು ಹೋಗ್ರಿ. ಆ ಕ್ಯಾನು ಚೆಲ್ಲಸ್ತೇವಿ."

"ಸಾಹೇಬ್ರ, ಅದು ಜೇನ್ರಿ," ಎಂದಳು ನನ್ನ ಸತ್ಯವಂತೆ.

"ಹೌದ್ರಿ ಅಕ್ಕಾರ. ಎಲ್ಲಾರೂ ಹಂಗ ಅಂತಾರ."

ನನ್ನ ಕಣ್ಣೆದುರೇ ಹಳಿಯಾಳದ ರಮ್ಮು ಗಟಾರ ಸೇರಿತು.

ಈಗ ದಿನಾ ಮುಂಜಾನೆ ಕಟ್ಟೆಯ ಮೇಲೆ ನನ್ನ ಕೆಮ್ಮಿಗೆ ಔಷಧ. ಬಿಸಿನೀರಿನ ಲೋಟಕ್ಕೆ ಮೇಘಾ ಆ ಬಾಟಲಿಯಿಂದಲೇ ಬಗ್ಗಿಸುತ್ತಾಳೆ. ಮೊದಲನೇ ದಿನವೇ ಪಕ್ಕದ ಮನೆಯ ಮಾಲವ್ವ ಕಂಪೌಂಡಿನ ಮೇಲಿಂದ ಬಾಟಲಿ ನೋಡಿದಳು, ಲೋಟ ನೋಡಿದಳು, ನನ್ನ ಬೋಳು ತುಟಿ ನೋಡಿದಳು.

"ಮುಂಜಮುಂಜಾನೆನ ಶುರು ಮಾಡೀರೇನ್ರಿ? ಅದಕ್ಕ ನಿಶೆದಾಗ ಮೀಸಿ ಬೋಳಿಸ್ಕೊಂಡೀರಿ!"

"ಮಾಲವ್ವ, ಇದು ಜೇನು! ದೇವರಾಣಿ ಜೇನು!"

ಮಾಲವ್ವ ನನ್ನನ್ನು ಬಿಟ್ಟು ಮೇಘಾಳ ಮುಖ ನೋಡಿದಳು. ಮೇಘಾ ಮುಚ್ಚಳ ತಿರುಗಿಸುತ್ತಾ, ಬಹಳ ಶಾಂತವಾಗಿ ಅಂದಳು:

"ಹೌದವ್ವ, ಹಂಗ ಅಂತಾರ."